ಹೃದಯದ ಕವಾಟಕ್ಕೆ ಶಿಲೀಂಧ್ರ: ಯಾವ ಮದ್ದು?

ಹಳೇ ಹುಬ್ಬಳ್ಳಿಯ ಯಾವ ಔಷಧದಂಗಡಿಗೂ ಫ್ಲುಕೊನಜೋಲ್ ಗುಳಿಗೆ ಹೊಸದಲ್ಲ. ಗಜಕರ್ಣಕ್ಕೆಂದು ನುಂಗಿದವರು ಬಹಳ. ಆದರೆ ಶಿಲೀಂಧ್ರ ಹೃದಯದ ಕವಾಟದಲ್ಲಿ ಬೇರೂರಿದರೆ ಈ ಗುಳಿಗೆಯಿಂದ ಚಿಕಿತ್ಸೆ ಆರಂಭಿಸುವಂತಿಲ್ಲ.

ರೋಗ ಅಪರೂಪದ್ದು, ಆದರೆ ಮಾರಕ. ಕೃತಕ ಕವಾಟ ಹಾಕಿಸಿಕೊಂಡವರಿಗೆ, ಬಹುದಿನ ರಕ್ತನಾಳದಲ್ಲಿ ನಳಿಕೆ ಇರಿಸಿಕೊಂಡವರಿಗೆ ಅಪಾಯ ಹೆಚ್ಚು. ಕವಾಟಕ್ಕೆ ರಕ್ತನಾಳಗಳು ಕಡಿಮೆ. ಮೇಲಾಗಿ ಶಿಲೀಂಧ್ರ ತನ್ನ ಸುತ್ತ ಅಂಟಿನ ಪದರ ಕಟ್ಟಿಕೊಳ್ಳುತ್ತದೆ. ಮದ್ದು ಒಳಹೊಗುವುದಾದರೂ ಹೇಗೆ?

ಇಲ್ಲಿ ಹಳೆಯ ಹುಲಿ ಆಂಫೊಟೆರಿಸಿನ್-ಬಿ. 1950ರ ದಶಕದಲ್ಲಿ ವೆನೆಜುವೆಲಾದ ಒರಿನೋಕೊ ನದಿ ಪ್ರದೇಶದ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತದ್ದು. 2021ರಲ್ಲಿ ಕಪ್ಪು ಶಿಲೀಂಧ್ರದ ರೋಗಿಗಳು ಹುಬ್ಬಳ್ಳಿಯ ಕಿಮ್ಸ್ ಸೇರಿದ್ದಾಗ, ಕೊರತೆಯ ಸುದ್ದಿಯಾಗಿದ್ದ ಮದ್ದೂ ಇದೇ. ಶಿಲೀಂಧ್ರದ ಪೊರೆಯನ್ನೇ ತೂತು ಮಾಡಿ ಕೊಲ್ಲುತ್ತದೆ, ಆದರೆ ಮೂತ್ರಪಿಂಡಕ್ಕೂ ಪೆಟ್ಟು. ಕೊಬ್ಬಿನ ಕಣದಲ್ಲಿ ಸೇರಿಸಿದ ರೂಪ ಸೌಮ್ಯ, ಬೆಲೆ ಮಾತ್ರ ದುಬಾರಿ.

ಕ್ಯಾಂಡಿಡಾ ಸೋಂಕಿಗೆ ಕ್ಯಾಸ್ಪೊಫಂಗಿನ್ ಬಳಗದ ಚುಚ್ಚುಮದ್ದೂ ಉಂಟು. ಅಂಟುಪದರದೊಳಗೂ ಕೆಲಸ ಮಾಡುತ್ತದೆ, ಮೂತ್ರಪಿಂಡವನ್ನು ಅಷ್ಟಾಗಿ ಕಾಡದು. ಆಸ್ಪರ್ಜಿಲಸ್ ಆದರೆ ವೊರಿಕೊನಜೋಲ್. ಫ್ಲುಕೊನಜೋಲ್ ಅದಕ್ಕೆ ತಾಗುವುದೇ ಇಲ್ಲ. ತೊಡಕೆಂದರೆ, ಆಸ್ಪರ್ಜಿಲಸ್ ರಕ್ತಪರೀಕ್ಷೆಯ ಕಲ್ಚರಿನಲ್ಲಿ ಬೆಳೆಯುವುದೇ ಅಪರೂಪ. ಕವಾಟ ಬದಲಿಸಿದ ಮನೆಯವರಿಗೆ ಜ್ವರ ಬಿಡದಿದ್ದರೆ ಅಂಗಡಿಯ ಗುಳಿಗೆ ನುಂಗಿಸದೆ ಹೃದಯತಜ್ಞರ ಬಳಿಗೆ ಕರೆದೊಯ್ಯಿರಿ.

ರೋಗಿಗಳೇ ವಿರಳವಾದ್ದರಿಂದ ಮದ್ದುಗಳನ್ನು ಎದುರುಬದುರು ನಿಲ್ಲಿಸಿದ ದೊಡ್ಡ ಪ್ರಯೋಗಗಳಿಲ್ಲ. ಸಾಧ್ಯವಿದ್ದಲ್ಲಿ ಶಸ್ತ್ರಚಿಕಿತ್ಸಕರು ಕೆಟ್ಟ ಕವಾಟವನ್ನೇ ತೆಗೆಯುತ್ತಾರೆ. ತೆಗೆಯಲಾಗದವರಿಗೆ, ಕ್ಯಾಂಡಿಡಾ ಮದ್ದಿಗೆ ಬಗ್ಗುವಂಥದ್ದಾದರೆ, ಮೊದಲ ಚಿಕಿತ್ಸೆ ಮುಗಿದ ಮೇಲೆ ಅದೇ ಫ್ಲುಕೊನಜೋಲ್ ಕಾವಲು, ಬಹುಪಾಲು ಬದುಕಿರುವವರೆಗೆ.