ಹೆಸರಿಲ್ಲದ ಹಡಗು, ಹೆಸರು ಹೊತ್ತ ಹಂಚು

ಬಿಳಿಚೋಡಿನವರಿಗೆ ಕಡಲು ಬಲು ದೂರ. ಜಗಳೂರು ಸೀಮೆಯಲ್ಲಿ ಮಳೆಗಾಗಿ ಮುಗಿಲು ನೋಡಿ ರೂಢಿಯೇ ಹೊರತು ಅಲೆ ನೋಡಿ ಅಲ್ಲ. ಆದರೂ ಕರಲು ಮಣ್ಣಿನ ಮಾಳಿಗೆ ಮನೆಗಳ ನಡುವೆ ಅಲ್ಲೊಂದು ಇಲ್ಲೊಂದು ಹಂಚಿನ ಮನೆ ಕಂಡರೆ, ಆ ಹಂಚಿಗೆ ಇಲ್ಲಿಯವರೂ ಹೇಳುವುದು ‘ಮಂಗಳೂರು ಹಂಚು’ ಎಂದೇ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಗೋವಾದ ಕಡಲತಳದಲ್ಲಿ ಮಲಗಿರುವ ಹಡಗೊಂದು ನೆನಪಾಗುತ್ತದೆ.

ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಪುರಾತತ್ತ್ವಜ್ಞ ಸಿಲಾ ತ್ರಿಪಾಠಿ ಮತ್ತು ಸಂಗಡಿಗರು ಗೋವಾ ಕರಾವಳಿಯ ಸೇಂಟ್ ಜಾರ್ಜ್ ಬಂಡೆಸಾಲಿನ ಬಳಿ ನೀರಿಗಿಳಿದು ಶೋಧಿಸಿದರು. ಸಿಕ್ಕಿದ್ದು ಸುಟ್ಟ ಮಣ್ಣಿನ ಸರಕು: ಚಾವಣಿ ಹಂಚು, ಮನೆಯ ನೆತ್ತಿಗೆ ಹೊದಿಸುವ ಹಂಚು, ನೆಲದ ಬಿಲ್ಲೆ, ನೀರಿನ ಕೊಳವೆ, ಹೊಗೆಗೂಡಿನ ಇಟ್ಟಿಗೆ, ಕಂಬದ ತುಂಡು, ಕೊರಿಂಥಿಯನ್ ಶೈಲಿಯ ಬೋದಿಗೆ. ಒಂದು ದೊಡ್ಡ ಕಟ್ಟಡವನ್ನೇ ಬಿಡಿಬಿಡಿಯಾಗಿ ಹೊತ್ತು ಹೊರಟಂತಿತ್ತು ಆ ಹಡಗು. ಅದರ ಹೆಸರು ಉಳಿದಿಲ್ಲ. ಆದರೆ ಸರಕಿನ ಮೇಲೆ ಅಚ್ಚು ಉಳಿದಿತ್ತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865.

ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1843ರಲ್ಲಿ ‘ಮಂಗಳೂರು ಸಮಾಚಾರ’ ಪತ್ರಿಕೆ ಹೊರತಂದ ಹರ್ಮನ್ ಮೋಗ್ಲಿಂಗ್ ಇದೇ ಸಂಸ್ಥೆಯವರು. ಮುದ್ರಣದ ಕೆಲಸಕ್ಕೆ ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಂಡೆಯ ಜೇಡಿಮಣ್ಣಿನ ಗುಣ ಕಂಡುಕೊಂಡು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗೆ ಅಲ್ಲಿ ಕೆಲಸ ಸಿಕ್ಕಿತು. ಎತ್ತುಗಳು ಗಾಣದಲ್ಲಿ ಸುತ್ತುವಂತೆ ಸುತ್ತಿ ಮಣ್ಣು ಹದ ಮಾಡುತ್ತಿದ್ದ ಆ ಮೊದಲ ದಿನಗಳಲ್ಲಿ ದಿನಕ್ಕೆ 560 ಹಂಚು ತಯಾರಾಗುತ್ತಿದ್ದವು. ರೀಪಿಗೆ ತಾನೇ ಕಚ್ಚಿಕೊಂಡು, ಪಕ್ಕದ ಹಂಚಿನ ಅಂಚಿಗೆ ಕೂತು, ತೋಡಿನಲ್ಲಿ ಮಳೆನೀರು ಹರಿಸುವ ಈ ಹಂಚು ಏಡನ್, ಆಫ್ರಿಕಾ, ಆಸ್ಟ್ರೇಲಿಯಾಗಳಿಗೂ ಹೋಯಿತು.

ಕರಾವಳಿಗೆ ರೈಲು ಬಾರದ ಆ ಕಾಲದಲ್ಲಿ ಈ ಭಾರ ಹೊತ್ತದ್ದು ಹಾಯಿಹಡಗು, ಪತ್ತೇಮಾರಿ, ಮಂಜಿಗಳು. ಒಂದು ಹಂಚು ಎರಡೂವರೆ ಕೆ.ಜಿ. ತೂಗಿದರೆ ಸಾವಿರ ಹಂಚಿಗೆ ಎರಡೂವರೆ ಟನ್. ಮಳೆಗಾಲದಲ್ಲಿ ಹಾಯಿಗೆ ಬಿಡುವು. ನೂಲ ಹುಣ್ಣಿಮೆಗೆ ಸಮುದ್ರ ಪೂಜೆ ಆದಮೇಲೆ ಯಾನ. ಉತ್ತರಕ್ಕೆ ಹೋಗುವವರಿಗೆ ಎದುರುಗಾಳಿಯ ಕಾಟ. ಹಾಗಾಗಿ ರಾತ್ರಿ ನೆಲದಿಂದ ಬೀಸುವ ಗಾಳಿ, ಹಗಲು ಕಡಲಿನಿಂದ ಬೀಸುವ ಗಾಳಿ ಎರಡನ್ನೂ ಹಿಡಿದು ದಡದ ಮಗ್ಗುಲಲ್ಲೇ ಸಾಗಬೇಕು. ದಡ ಹತ್ತಿರವಿದ್ದಷ್ಟೂ ನೀರಡಿಯ ಬಂಡೆಯೂ ಹತ್ತಿರ. ಭಾರ ತುಂಬಿದ ಮರದ ಒಡಲಿಗೆ ಒಂದು ಬಂಡೆ ತಾಕಿದರೂ ಸಾಕು.

ಅಚ್ಚಿನಲ್ಲಿರುವ 1865 ಕಾರ್ಖಾನೆ ಹುಟ್ಟಿದ ವರ್ಷ. ಹಡಗು ಮುಳುಗಿದ್ದು ಅದಕ್ಕಿಂತ ಹಿಂದೆ ಅಲ್ಲ ಎಂಬಷ್ಟನ್ನು ಆ ನಾಲ್ಕು ಅಂಕೆಗಳು ಗಟ್ಟಿಯಾಗಿ ಹೇಳುತ್ತವೆ. ಕಡಲಲ್ಲಿ ಮರವನ್ನು ಹುಳು ಕೊರೆಯುತ್ತದೆ, ಹಾಯಿ ಕೊಳೆಯುತ್ತದೆ, ಕಬ್ಬಿಣವನ್ನು ತುಕ್ಕು ತಿನ್ನುತ್ತದೆ. ಒಮ್ಮೆ ಸುಟ್ಟ ಮಣ್ಣು ಮಾತ್ರ ನೀರಿನಲ್ಲಿ ಮತ್ತೆ ಕರಗುವುದಿಲ್ಲ. ಜೆಪ್ಪುವಿನಲ್ಲಿ ಮಣ್ಣು ತುಳಿದವರ, ಹಂಚು ಹೊತ್ತು ಹಡಗೇರಿಸಿದವರ, ಚುಕ್ಕಾಣಿ ಹಿಡಿದವರ ಹೆಸರು ಯಾವ ಹಂಚಿನ ಮೇಲೂ ಇಲ್ಲ. ಅವರ ದುಡಿಮೆಗೆ ಸಾಕ್ಷಿ ಹೇಳುತ್ತಿರುವುದು ಆ ಮಣ್ಣೇ.

ನಮ್ಮ ಊರುಗಳಲ್ಲಿ ಈಗ ಹಳೇ ಮನೆ ಕೆಡವಿ ಆರ್‌ಸಿಸಿ ಹಾಕುತ್ತಿದ್ದಾರೆ. ಹಂಚು ತಿಪ್ಪೆ ಸೇರುತ್ತಿದೆ. ಎಸೆಯುವ ಮುನ್ನ ಒಂದನ್ನಾದರೂ ಮಗುಚಿ, ಮಸಿ ಒರೆಸಿ, ಅಚ್ಚಿನ ಮೇಲೆ ಬೆರಳಾಡಿಸಿ ನೋಡಿ. ಕಾರ್ಖಾನೆಯ ಹೆಸರೋ ಊರೋ ಇಸವಿಯೋ ಸಿಕ್ಕೀತು. ಅದನ್ನು ಊರ ಶಾಲೆಯ ಕಪಾಟಿನಲ್ಲಿಡಿ, ಮಕ್ಕಳು ಓದಲಿ. ಗೋವಾದ ನೀರಿನಡಿ ಸಂಶೋಧಕರು ಓದಿದ್ದೂ ಅಂಥದೇ ಅಕ್ಷರಗಳನ್ನು.