ಮಂದ್ರಕ್ಕೊಂದು ಮರದ ಪೆಟ್ಟಿಗೆ

ಹೆಸರಘಟ್ಟವೆಂದರೆ ಬೆಂಗಳೂರಿಗರ ನೆನಪಿಗೆ ಬರುವುದು 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ, ಅದರಾಚೆಗಿನ ಹುಲ್ಲುಗಾವಲು ಮತ್ತು ಪ್ರೊತಿಮಾ ಬೇಡಿ 1990ರಲ್ಲಿ ಆರಂಭಿಸಿದ ನೃತ್ಯಗ್ರಾಮ. ಧ್ವನಿಶಾಸ್ತ್ರದ ದೃಷ್ಟಿಯಿಂದ ನೋಡಿದರೂ ಈ ಊರಿಗೆ ತನ್ನದೇ ಸ್ಥಾನವಿದೆ. ಛಾಯಾಗ್ರಹಣದ ಜೊತೆಗೆ ಧ್ವನಿಗ್ರಹಣವನ್ನೂ ಕಲಿಸುವ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇಲ್ಲಿದೆ; ಅದರ ಬೇರು ಇರುವುದು ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ ಮತ್ತು ಗೋವಿಂದ ನಿಹಲಾನಿ ಓದಿದ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಇಲ್ಲಿಂದ ನಗರದ ಕಡೆಗೆ ಬಂದರೆ, ಒಂದು ಕಾಲಕ್ಕೆ ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿದ್ದ, 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯಲ್ಲಿಯೂ, 1962ರಲ್ಲಿ ಹುಟ್ಟಿದ ಪ್ಲೈವುಡ್ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಯಶವಂತಪುರದ ತುಮಕೂರು ರಸ್ತೆಯಲ್ಲಿಯೂ ಸಿಗುತ್ತವೆ. ಧ್ವನಿ, ವಿದ್ಯುನ್ಮಾನ, ಮರ ಎಂಬ ಈ ಮೂರು ವಿದ್ಯೆಗಳೂ ಒಂದೆಡೆ ಸೇರುವ ವಸ್ತುವೆಂದರೆ ಬೇಸ್ ಗಿಟಾರಿಗಾಗಿ ಮನೆಯಲ್ಲಿಯೇ ಕಟ್ಟಿಕೊಳ್ಳುವ ಸ್ಪೀಕರ್ ಪೆಟ್ಟಿಗೆ, ವಾದ್ಯಗಾರರ ಮಾತಿನಲ್ಲಿ 'ಬಾಕ್ಸ್'.

ಬೇಸ್ ಗಿಟಾರ್ ಸಾಮಾನ್ಯ ಗಿಟಾರಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುವ, ಹೆಚ್ಚಾಗಿ ನಾಲ್ಕು ದಪ್ಪ ತಂತಿಗಳಿರುವ ವಾದ್ಯ. ಇದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ, ಅಂದರೆ ಅದರ ಕಂಪನಾಂಕ 41 ಹರ್ಟ್ಸ್. ಐದು ತಂತಿಯ ವಾದ್ಯದಲ್ಲಿ ಇದು 31 ಹರ್ಟ್ಸ್‌ವರೆಗೆ ಇಳಿಯುತ್ತದೆ. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಈ ವಾದ್ಯದ ಜನಪ್ರಿಯ ರೂಪವನ್ನು ಮಾರುಕಟ್ಟೆಗೆ ತಂದಾಗ ಅದರ ದನಿಯನ್ನು ತಾಳುವ ಸ್ಪೀಕರ್ ಬೇಕಾಯಿತು. ಮರುವರ್ಷವೇ ಅವರ ಕಂಪನಿ 'ಬೇಸ್‌ಮ್ಯಾನ್' ಎಂಬ ಆಂಪ್ಲಿಫೈಯರನ್ನು ಹೊರತಂದಿತು. 1969ರಲ್ಲಿ ಆಂಪೆಗ್ ಕಂಪನಿಯ 300 ವಾಟ್ ಆಂಪ್ಲಿಫೈಯರೂ ಹತ್ತು ಇಂಚಿನ ಎಂಟು ಸ್ಪೀಕರುಗಳ ಆಳೆತ್ತರದ ಪೆಟ್ಟಿಗೆಯೂ ಬಂದ ಮೇಲೆ ದೊಡ್ಡ ವೇದಿಕೆಗಳ ಮಂದ್ರಧ್ವನಿಗೆ ಒಂದು ಮಾದರಿ ಸಿಕ್ಕಂತಾಯಿತು. ಕನ್ನಡದ ಕಿವಿಗೆ ಈ ವಾದ್ಯವನ್ನು ಹತ್ತಿರ ತಂದವರಲ್ಲಿ ಇಳಯರಾಜಾ ಪ್ರಮುಖರು. 'ಗೀತಾ' (1981), 'ಪಲ್ಲವಿ ಅನುಪಲ್ಲವಿ' (1983) ಚಿತ್ರಗಳ ಹಾಡುಗಳಲ್ಲಿ ಬೇಸ್ ಗಿಟಾರ್ ತಾಳಕ್ಕೆ ಒತ್ತಾಸೆಯಾಗಿ ನಿಲ್ಲುವುದಷ್ಟೇ ಅಲ್ಲದೆ ಹಾಡಿನ ಒಳಗೆ ಇನ್ನೊಂದು ಹಾಡಿನಂತೆ ಹರಿಯುತ್ತದೆ. ಆ ಹಾಡುಗಳನ್ನು ಊರಹಬ್ಬಕ್ಕೂ ರಾಜ್ಯೋತ್ಸವಕ್ಕೂ ನುಡಿಸುವ ಆರ್ಕೆಸ್ಟ್ರಾ ತಂಡಗಳಿಗೆ ಒಳ್ಳೆಯ ಪೆಟ್ಟಿಗೆಯ ಅಗತ್ಯ ಅಂದಿನಿಂದ ಇಂದಿನವರೆಗೂ ಉಳಿದುಕೊಂಡು ಬಂದಿದೆ.

ಬಯಲು ಮತ್ತು ಬಾಕ್ಸ್

ಕೋಣೆಯೊಳಗೆ ಗೋಡೆ, ನೆಲ, ಮೂಲೆಗಳು ಮಂದ್ರಧ್ವನಿಯನ್ನು ಹಿಂದಿರುಗಿಸಿ ಬಲಪಡಿಸುತ್ತವೆ. ಹೆಸರಘಟ್ಟದ ಹುಲ್ಲುಗಾವಲಿನಂಥ ಬಯಲಿನಲ್ಲಿ ನೆಲವನ್ನು ಬಿಟ್ಟರೆ ಆ ಆಸರೆ ಇಲ್ಲ, ಕೇಳುಗನ ದೂರ ಎರಡು ಪಟ್ಟಾದಾಗಲೆಲ್ಲ ಧ್ವನಿಯ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. 41 ಹರ್ಟ್ಸ್‌ನ ಒಂದು ಅಲೆಯ ಉದ್ದ ಎಂಟು ಮೀಟರಿಗಿಂತ ಹೆಚ್ಚು. ಪೆಟ್ಟಿಗೆ ಈ ಅಲೆಗಿಂತ ತೀರ ಚಿಕ್ಕದಾದ್ದರಿಂದ ಅಲೆಯು ಅದನ್ನು ಬಳಸಿಕೊಂಡು ಎಲ್ಲ ದಿಕ್ಕಿಗೂ ಹರಡುತ್ತದೆ. ಸ್ಪೀಕರಿನ ಕೋನ್, ಅಂದರೆ ಹಿಂದೆ ಮುಂದೆ ಓಡಾಡುವ ಕಾಗದದ ಆಲಿಕೆ, ಮುಂಭಾಗದ ಗಾಳಿಯನ್ನು ಒತ್ತುವಾಗಲೇ ಹಿಂಭಾಗದ ಗಾಳಿಯನ್ನು ಸಡಿಲಿಸುವುದರಿಂದ, ಪೆಟ್ಟಿಗೆಯಿಲ್ಲದ ಸ್ಪೀಕರಿನಲ್ಲಿ ಎರಡೂ ಅಲೆಗಳು ಸುತ್ತಿಕೊಂಡು ಬಂದು ಒಂದನ್ನೊಂದು ಅಳಿಸಿಹಾಕುತ್ತವೆ. ಹಿಂದಿನ ಅಲೆಯನ್ನು ಸೆರೆಹಿಡಿಯುವುದೇ ಪೆಟ್ಟಿಗೆಯ ಮೊದಲ ಕೆಲಸ. ಸೆರೆಹಿಡಿದದ್ದನ್ನು ವ್ಯರ್ಥ ಮಾಡದೆ ದುಡಿಸಿಕೊಳ್ಳುವುದು ಅದರ ಎರಡನೆಯ ಕೆಲಸ, ಈ ಕಸುಬಿನ ಸೊಗಸೆಲ್ಲ ಇರುವುದು ಅಲ್ಲಿಯೇ.

ಕೊಳವೆಯ ಕಥೆ

ಬಾಯಿ ಕಿರಿದಾದ ಕೊಡದ ಅಂಚಿಗೆ ಅಡ್ಡವಾಗಿ ಊದಿದರೆ ಒಂದು ನಿಶ್ಚಿತ ಸ್ವರ ಹೊರಡುತ್ತದೆ. ಕೊರಳಿನಲ್ಲಿರುವ ಗಾಳಿ ಒಂದು ತೂಕದ ಬಿಲ್ಲೆಯಂತೆಯೂ ಒಡಲಿನ ಗಾಳಿ ಅದರ ಕೆಳಗಿನ ಸ್ಪ್ರಿಂಗಿನಂತೆಯೂ ವರ್ತಿಸುವುದೇ ಇದಕ್ಕೆ ಕಾರಣವೆಂದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಅವರ ಅಧ್ಯಯನಗಳ ಫಲವಾಗಿ ಸ್ಪಷ್ಟವಾಯಿತು. ಹೀಗೆ ಒಂದು ವಸ್ತು ತನಗೆ ಸಹಜವಾದ ಕಂಪನಾಂಕದಲ್ಲಿ ಬಲವಾಗಿ ಕಂಪಿಸುವುದನ್ನು ಅನುನಾದ ಎನ್ನುತ್ತಾರೆ. ಒಡಲಿನ ಜಾಗ ಕಡಿಮೆಯಾದಂತೆ ಸ್ವರ ಏರುತ್ತದೆ ಎಂಬುದು, ನಲ್ಲಿಯ ಕೆಳಗಿಟ್ಟ ಬಿಂದಿಗೆಯ ಸದ್ದು ಕೇಳಿಯೇ ಅದು ತುಂಬಿತೆಂದು ತಿಳಿಯುವವರಿಗೆ ಹೊಸ ವಿಷಯವೇನಲ್ಲ. ಸ್ಪೀಕರ್ ಪೆಟ್ಟಿಗೆಯ ಮುಖಕ್ಕೆ ಒಂದು ಕೊಳವೆಯನ್ನು ಜೋಡಿಸಿದರೆ ಪೆಟ್ಟಿಗೆಯೇ ಅಂಥ ಕೊಡವಾಗುತ್ತದೆ: ಅನುನಾದದ ಕಂಪನಾಂಕದಲ್ಲಿ ಕೋನ್ ಬಹುತೇಕ ನಿಶ್ಚಲವಾಗಿದ್ದು, ಕೊಳವೆಯ ಗಾಳಿಯೇ ಧ್ವನಿಯ ಬಹುಭಾಗವನ್ನು ಹೊರಡಿಸುತ್ತದೆ.

ಕೊಳವೆಯ ಉದ್ದವನ್ನು ಬಹುಕಾಲ ಊಹೆ ಮತ್ತು ಪ್ರಯೋಗಗಳಿಂದಲೇ ನಿರ್ಧರಿಸಲಾಗುತ್ತಿತ್ತು. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಅದನ್ನು ವಿದ್ಯುತ್ ಶೋಧಕಗಳ ಗಣಿತಕ್ಕೆ ಒಳಪಡಿಸಿ ಒಂದು ಪ್ರಬಂಧವನ್ನು ತಮ್ಮ ದೇಶದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು 1971ರಲ್ಲಿ ಅಮೆರಿಕದಲ್ಲಿ ಮರುಮುದ್ರಣಗೊಂಡ ಮೇಲಷ್ಟೇ ಹೊರಜಗತ್ತು ಅದನ್ನು ಗಂಭೀರವಾಗಿ ಓದಿತು. ಸಿಡ್ನಿಯಲ್ಲಿ ಸಂಶೋಧನೆ ನಡೆಸಿದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಇಂದು ಒಳ್ಳೆಯ ಸ್ಪೀಕರಿನ ಜೊತೆಗೆ ಬರುವ ಮಾಹಿತಿ ಹಾಳೆಯಲ್ಲಿ ಈ ಇಬ್ಬರ ಹೆಸರಿನ ಅಳತೆಗಳಿರುತ್ತವೆ: ಕೋನಿನ ಸಹಜ ಕಂಪನಾಂಕ, ಅದರ ಬಿಗುವಿಗೆ ಸಮನಾದ ಗಾಳಿಯ ಪ್ರಮಾಣ, ಕಂಪನ ಎಷ್ಟು ಬೇಗ ಅಡಗುತ್ತದೆಂಬುದರ ಸೂಚಕ. ಈ ಮೂರು ತಿಳಿದರೆ ಪೆಟ್ಟಿಗೆಯ ಗಾತ್ರವನ್ನು ಲೆಕ್ಕದಿಂದಲೇ ಕಂಡುಕೊಳ್ಳಬಹುದು.

ಉದಾಹರಣೆಗೆ, ಹದಿನೈದು ಇಂಚಿನ ಸ್ಪೀಕರೊಂದಕ್ಕೆ 120 ಲೀಟರ್ ಗಾಳಿಯೂ 45 ಹರ್ಟ್ಸ್‌ನ ಅನುನಾದವೂ ಹೊಂದುತ್ತವೆಂದು ಲೆಕ್ಕ ಹೇಳಿತೆನ್ನೋಣ. ಒಳ ಅಳತೆಯಲ್ಲಿ 64 ಸೆಂಟಿಮೀಟರ್ ಎತ್ತರ, 50 ಅಗಲ, 40 ಆಳವಿರುವ ಪೆಟ್ಟಿಗೆ 128 ಲೀಟರಿನದು. ಸ್ಪೀಕರ್, ಕೊಳವೆ ಮತ್ತು ಒಳ ಅಡ್ಡಪಟ್ಟಿಗಳು ನುಂಗುವ ಸುಮಾರು ಎಂಟು ಲೀಟರನ್ನು ಕಳೆದರೆ ಬೇಕಾದಷ್ಟೇ ಉಳಿಯುತ್ತದೆ. ಬಚ್ಚಲಿನ ನೀರು ಸಾಗಿಸಲು ಬಳಸುವ 110 ಮಿಲಿಮೀಟರ್ ಹೊರವ್ಯಾಸದ ಪಿವಿಸಿ ಪೈಪಿನ ಎರಡು ತುಂಡುಗಳು, ತಲಾ ಸುಮಾರು 13 ಸೆಂಟಿಮೀಟರ್ ಉದ್ದವಿದ್ದರೆ, ಆ ಪೆಟ್ಟಿಗೆಯನ್ನು 45 ಹರ್ಟ್ಸ್‌ಗೆ ಶ್ರುತಿಗೂಡಿಸುತ್ತವೆ. ಲೋಕದ ವೇದಿಕೆಗಳನ್ನು ನಡುಗಿಸುವ ಮಂದ್ರದ ಗುಟ್ಟು ಹಾರ್ಡ್‌ವೇರ್ ಅಂಗಡಿಯ ಈ ಎರಡು ತುಂಡು ಪೈಪಿನಲ್ಲಿದೆ. ಆದರೆ ಶ್ರುತಿಗಿಂತ ಕೆಳಗಿನ ಧ್ವನಿ ಬಂದಾಗ ಕೊಳವೆ ಕೋನಿಗೆ ಯಾವ ಪ್ರತಿರೋಧವನ್ನೂ ಕೊಡುವುದಿಲ್ಲ. ಕೋನ್ ಹುಚ್ಚೆದ್ದು ಓಡಾಡಿ ಹರಿಯಬಹುದಾದ್ದರಿಂದ, ಅತಿ ಕೆಳಗಿನ ಕಂಪನಗಳನ್ನು ತಡೆಯುವ ಶೋಧಕವೊಂದನ್ನು ಆಂಪ್ಲಿಫೈಯರಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಕಟ್ಟುವ ಬಗೆ

ಎಂಟಡಿ ನಾಲ್ಕಡಿಯ, 18 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಾಳೆ ಇಡೀ ಪೆಟ್ಟಿಗೆಗೆ ಸಾಕಾಗಿ, ಅಡ್ಡಪಟ್ಟಿಗಳಿಗೂ ಮಿಗುತ್ತದೆ. ಅಗ್ಗದ ಎಂಡಿಎಫ್ ಹಲಗೆ ಮಳೆಗಾಲದ ತೇವಕ್ಕೆ ಉಬ್ಬುವುದರಿಂದ, ಐಎಸ್ 710 ಗುರುತಿನ ಮೆರೈನ್ ಪ್ಲೈವುಡ್ ಮೇಲು. ಬಡಗಿ ಕೀಲುಗಳಿಗೆ ಫೆವಿಕಾಲ್ ಧಾರಾಳವಾಗಿ ಹಚ್ಚಿ ಸ್ಕ್ರೂ ಬಿಗಿಯಬೇಕು. ಕಪಾಟಿನಲ್ಲಿ ಕಾಣದೆ ಉಳಿಯುವ ಸಣ್ಣ ಬಿರುಕೂ ಇಲ್ಲಿ ಸೀಟಿ ಊದುತ್ತದೆ. ಬೆರಳಗಂಟಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದ ಕಡೆ ಅಡ್ಡಪಟ್ಟಿ ಸೇರಿಸಬೇಕು. ಒಂಬತ್ತು ವೋಲ್ಟ್ ಬ್ಯಾಟರಿಯನ್ನು ಕ್ಷಣಮಾತ್ರ ತಾಕಿಸಿದಾಗ ಕೋನ್ ಮುಂದಕ್ಕೆ ಚಿಮ್ಮಿದರೆ, ಬ್ಯಾಟರಿಯ ಧನ ತುದಿ ತಾಕಿದ್ದೇ ಸ್ಪೀಕರಿನ ಧನ ತುದಿ. 8 ಓಮ್‌ನ ಎರಡು ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸಿದರೆ 4 ಓಮ್ ಆಗುತ್ತದೆ. ಆಂಪ್ಲಿಫೈಯರ್ ಅದನ್ನು ತಾಳುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ರೆಕ್ಸಿನ್, ಲೋಹದ ಮೂಲೆಕಟ್ಟು, ಹಿಡಿಕೆಗಳ ಆಯ್ಕೆ ಕಟ್ಟುವವರ ರುಚಿಗೆ ಬಿಟ್ಟದ್ದು.

'ಶಕ್ತಿಶಾಲಿ' ಎಂಬ ಮಾತನ್ನು ಮಾರುಕಟ್ಟೆ ವಾಟಿನಲ್ಲಿ ಅಳೆಯುತ್ತದೆ. ಪಿಎಂಪಿಒ ಎಂಬ ಹೆಸರಿನಲ್ಲಿ ಸಾವಿರಾರು ವಾಟ್ ಬರೆದ ಚೀಟಿಗಳನ್ನು ಅಂಟಿಸಿ ಮಾರಿದ ಕಾಲವೂ ಇತ್ತು. ವಾಟ್ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ಎರಡು ಪಟ್ಟು ಎನಿಸಲು ಸುಮಾರು ಹತ್ತು ಪಟ್ಟು ವಾಟ್ ಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಅದೇ ಮಟ್ಟದ ಧ್ವನಿಯನ್ನು ಒಂದು ಸ್ಥಾಯಿ ಕೆಳಗೆ ಹೊರಡಿಸಲು ಕೋನ್ ನಾಲ್ಕು ಪಟ್ಟು ಹೆಚ್ಚು ಓಡಾಡಬೇಕು. ಮಂದ್ರದ ಶಕ್ತಿ ಎಷ್ಟು ಗಾಳಿ ಕದಲಿತು ಎಂಬುದರಲ್ಲಿದೆ, ಆ ಗಾಳಿಗೆ ಮನೆಯಾಗುವುದು ಮರ.

ಆದರೆ ಈ ಮರದ ಪೆಟ್ಟಿಗೆ ಇಂದು ಹಿಂದೆ ಸರಿಯುತ್ತಿದೆ. ಬೇಸ್ ಗಿಟಾರನ್ನು ನೇರವಾಗಿ ಮಿಕ್ಸರಿಗೆ ಜೋಡಿಸಿ ಕಿವಿಯೊಳಗಿನ ಇಯರ್‌ಫೋನಿನಲ್ಲಿ ಕೇಳಿಸಿಕೊಳ್ಳುವುದು ವೇದಿಕೆಯ ವಾಡಿಕೆಯಾಗಿದೆ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹಾಡು ಕೇಳುವವರಿಗೆ ಇಳಯರಾಜಾ ಬರೆದ ಬೇಸ್ ಸಾಲಿನ ತಳವೇ ತಲುಪುವುದಿಲ್ಲ. ಹಗುರವಾದ ಸಿದ್ಧ ಪೆಟ್ಟಿಗೆಗಳು ದೊರೆಯುವಾಗ ಮೂವತ್ತು ಕಿಲೋ ತೂಗುವುದನ್ನು ಕಟ್ಟಿ ಹೊರುವ ಉತ್ಸಾಹ ಕುಗ್ಗುವುದೂ ಸಹಜವೇ. ಆದರೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳಿಗೆ ಬರವಿಲ್ಲ, ಥೀಲ್ ಅವರ ಲೆಕ್ಕ ಎಲ್ಲರಿಗೂ ತೆರೆದಿದೆ. ಧ್ವನಿಯನ್ನು ಪಾಠವಾಗಿ ಓದುವ ಹೆಸರಘಟ್ಟದ ವಿದ್ಯಾರ್ಥಿಗಳು ಬಡಗಿಯೊಬ್ಬರ ಪಕ್ಕದಲ್ಲಿ ಕುಳಿತು ಒಂದು ಪೆಟ್ಟಿಗೆಯನ್ನಾದರೂ ಕಟ್ಟುವಂತಾದರೆ, ಪುಸ್ತಕದ ಅನುನಾದ ಅಂಗೈಗೆ ತಾಕುತ್ತದೆ. ಹಾಗೆ ಕಟ್ಟಹೊರಟವರಿಗೆ ಒಂದೇ ಕಿವಿಮಾತು: ಲೆಕ್ಕ ಏನೇ ಹೇಳಲಿ, ಕೊಳವೆಯನ್ನು ಮೊದಲು ಎರಡು ಬೆರಳು ಉದ್ದವಾಗಿಯೇ ಕತ್ತರಿಸಿಕೊಳ್ಳಬೇಕು, ಕೇಳುತ್ತ ಕೇಳುತ್ತ ಗಿಡ್ಡ ಮಾಡಬಹುದು, ಕತ್ತರಿಸಿದ್ದನ್ನು ಮತ್ತೆ ಬೆಳೆಸಲಾಗದು.