ಚೀಟಿಯ ಪ್ರತಿ ಯಾರ ಬಳಿ? ಬ್ರೂನೋ ಎಂಬ ಎಪಿಐ ಉಪಕರಣ ಮತ್ತು ಗಡಿನಾಡಿನ ಪಠ್ಯಸಂಗ್ರಹ

ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗೆ ಸಾಫ್ಟ್‌ವೇರಿನ ಹತ್ತಿರ ಎಂತ ಕೆಲಸ ಎಂದು ಕೆಲವರಿಗೆ ಅನ್ನಿಸಬಹುದು. ಉತ್ತರ ಸುಲಭ ಉಂಟು. ನಾವು ಓದುವ ಪಠ್ಯಗಳಲ್ಲಿ ದೊಡ್ಡ ಪಾಲು ಈಗ ಅಂತರ್ಜಾಲದ ಸಂಗ್ರಹಗಳಲ್ಲಿದೆ. ನಾವು ಧ್ವನಿಮುದ್ರಿಸಿದ ಹಾಡು, ಕತೆ, ನೆನಪುಗಳನ್ನು ಬರಹಕ್ಕೆ ಇಳಿಸುವ ಸೇವೆಗಳೂ ಅಲ್ಲಿಯೇ ಇವೆ. ಅವುಗಳ ಜೊತೆ ವ್ಯವಹರಿಸುವಾಗ ನಮ್ಮ ಸಾಮಗ್ರಿ ಎಲ್ಲೆಲ್ಲಿ ಉಳಿದುಕೊಳ್ಳುತ್ತದೆ ಎಂಬುದು ಸಂಶೋಧನೆಯ ನೀತಿಗೆ ಸೇರಿದ ಪ್ರಶ್ನೆ. ಕಾಸರಗೋಡಿನಂಥ ಗಡಿನಾಡಿನಲ್ಲಿ ಕ್ಷೇತ್ರಕಾರ್ಯ ಮಾಡುವ ನಮಗೆ ಅದು ಇನ್ನೂ ಹತ್ತಿರದ್ದು.

ಮೊದಲು ಎಪಿಐ ಎಂದರೇನು ನೋಡುವ. ಹಳೆಯ ದೊಡ್ಡ ಗ್ರಂಥಾಲಯಗಳಲ್ಲಿ ಓದುಗ ನೇರವಾಗಿ ಕಪಾಟಿನ ಬಳಿ ಹೋಗುವಂತಿಲ್ಲ. ಚೀಟಿಯಲ್ಲಿ ಪುಸ್ತಕದ ಹೆಸರು, ಸಂಖ್ಯೆ ಬರೆದು ಕೌಂಟರಿನಲ್ಲಿ ಕೊಡಬೇಕು. ಸಿಬ್ಬಂದಿ ಒಳಗೆ ಹೋಗಿ ಪುಸ್ತಕ ತರುತ್ತಾರೆ, ಇಲ್ಲವೇ 'ಇಲ್ಲ' ಎನ್ನುತ್ತಾರೆ. ಒಂದು ಕಂಪ್ಯೂಟರ್ ವ್ಯವಸ್ಥೆ ಹೊರಗಿನವರಿಗೆ ತೆರೆದಿಟ್ಟ ಇಂಥ ಕೌಂಟರೇ ಎಪಿಐ. ಚೀಟಿಯನ್ನು ಹೇಗೆ ತುಂಬಬೇಕು ಎಂಬುದಕ್ಕೆ ಅಲ್ಲಿ ನಿಯಮ ಉಂಟು. ಉತ್ತರದ ಜೊತೆ ಒಂದು ಸಂಖ್ಯೆಯೂ ಬರುತ್ತದೆ: 200 ಎಂದರೆ ಸರಿಯಾಯಿತು, 401 ಎಂದರೆ ಗುರುತು ಸಾಬೀತಾಗಿಲ್ಲ, 404 ಎಂದರೆ ಕೇಳಿದ್ದು ಸಿಗಲಿಲ್ಲ, 429 ಎಂದರೆ ತುಂಬಾ ಬೇಗಬೇಗ ಕೇಳುತ್ತಿದ್ದೀರಿ ಎಂದರ್ಥ. ಕೆಲವು ಕೌಂಟರುಗಳಲ್ಲಿ ಸದಸ್ಯತ್ವದ ಕಾರ್ಡಿನ ಹಾಗೆ ಒಂದು ಗುಪ್ತ ಕೀಲಿಯನ್ನೂ ತೋರಿಸಬೇಕು.

ಪ್ರೋಗ್ರಾಂ ಬರೆಯುವ ಮೊದಲು ಚೀಟಿ ಸರಿಯಿದೆಯೇ ಎಂದು ಪರೀಕ್ಷಿಸಿ ನೋಡುವ ಮೇಜು ಬೇಕಾಗುತ್ತದೆ. ಪೋಸ್ಟ್‌ಮ್ಯಾನ್, ಇನ್ಸೋಮ್ನಿಯಾ ಈ ಕೆಲಸಕ್ಕೆ ಹೆಸರಾದವು. ನಾನು ಇವತ್ತು ಹೇಳಹೊರಟಿರುವ ಬ್ರೂನೋ ಕೂಡ ಅಂಥದೇ. ಅನೂಪ್ ಎಂ. ಡಿ. ಇದನ್ನು ಆರಂಭಿಸಿದರು. 2023ರಲ್ಲಿ ಬೆಂಗಳೂರಿನಲ್ಲಿ ನಡೆದ ಇಂಡಿಯಾ ಫಾಸ್ 3.0 ಸಮ್ಮೇಳನದಲ್ಲಿ ಇದರ ಬಗ್ಗೆ ಭಾಷಣವೂ ಆಗಿತ್ತು. ಮೂಲ ಸಂಕೇತ ಎಂಐಟಿ ಪರವಾನಗಿಯಲ್ಲಿ ಮುಕ್ತವಾಗಿದೆ. ಕೆಲವು ಹೆಚ್ಚುವರಿ ಸೌಲಭ್ಯಗಳಿಗೆ ಹಣ ಕೊಡಬೇಕು, ಆದರೆ ನಮ್ಮಂಥವರ ಕೆಲಸಕ್ಕೆ ಉಚಿತ ಆವೃತ್ತಿಯೇ ಸಾಕು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಭಾರತದ ಕಾನೂನಿನಂತೆ ಲೇಖಕರ ಮರಣದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2024ರ ಆರಂಭಕ್ಕೆ ಸಾರ್ವಜನಿಕ ಸ್ವತ್ತಾದವು. ಕನ್ನಡ ವಿಕಿಸೋರ್ಸ್‌ನಲ್ಲಿ ಅವರ ಹೆಸರು ಯಾವ ಯಾವ ಪುಟದಲ್ಲಿದೆ ಎಂದು ಕೇಳಬೇಕು ಅಂತ ಇಟ್ಟುಕೊಳ್ಳಿ. ಬ್ರೂನೋದಲ್ಲಿ ವಿಕಿಸೋರ್ಸ್ ಎಪಿಐಯ ವಿಳಾಸ ಹಾಕಿ, 'ಹುಡುಕು' ಎಂಬ ಆಜ್ಞೆ, ಹುಡುಕುವ ಪದ, ಉತ್ತರ ಜೇಸನ್ ರೂಪದಲ್ಲಿರಲಿ ಎಂಬ ಸೂಚನೆ, ಇಷ್ಟನ್ನು ತುಂಬಿ ಕಳುಹಿಸಿದರೆ ಆಯಿತು. ಓದುವುದಕ್ಕೆ ಮಾತ್ರವಾದರೆ ಕೀಲಿ ಬೇಡ.

ಉತ್ತರ ಬಂದಾಗ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದು, ಹಳೆಯ ರೂಪದಲ್ಲಿ ಕೇಳಿದರೆ ಆ ಎಪಿಐ ಕನ್ನಡ ಅಕ್ಷರಗಳ ಬದಲು ಯೂನಿಕೋಡ್ ಸಂಕೇತಗಳ ಸಾಲನ್ನು ಕಳುಹಿಸುತ್ತದೆ. ರೂಪದ ಆವೃತ್ತಿ 2 ಎಂದು ಚೀಟಿಯಲ್ಲಿ ಸೇರಿಸಿದರೆ ಕನ್ನಡವೇ ಬರುತ್ತದೆ. ಎರಡು, ನಾವು ಬೇರೆ ಹೇಳದಿದ್ದರೆ ಒಂದು ಸಲಕ್ಕೆ 10 ಫಲಿತಾಂಶ ಮಾತ್ರ ಬರುತ್ತದೆ. ಒಟ್ಟು ಎಷ್ಟಿದೆ ಎಂಬುದು ಉತ್ತರದ ಬೇರೆ ಕಡೆ ಇರುತ್ತದೆ, ಮುಂದಿನ ಕಂತು ಕೇಳುವ ಸುಳಿವೂ ಅಲ್ಲೇ ಇರುತ್ತದೆ. ಇದನ್ನು ನೋಡದೆ 'ಹತ್ತು ಉಲ್ಲೇಖಗಳಿವೆ' ಎಂದು ಪ್ರಬಂಧದಲ್ಲಿ ಬರೆದರೆ ಇಡೀ ವಾದವೇ ಅಡಿಮೇಲು. ಪರೀಕ್ಷಿಸಿ ನೋಡುವ ಮೇಜು ಬೇಕಾಗುವುದು ಇದಕ್ಕೇ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾವು ಬರೆದ ಚೀಟಿಗಳ ಪ್ರತಿ ಎಲ್ಲಿ ಉಳಿಯುತ್ತದೆ? ಅನೇಕ ಉಪಕರಣಗಳು ಖಾತೆ ತೆರೆಯಲು ಹೇಳಿ, ಚೀಟಿಗಳನ್ನು ಕಂಪನಿಯ ಕ್ಲೌಡ್‌ನಲ್ಲಿ ಇಡುತ್ತವೆ. 2023ರಲ್ಲಿ ಇನ್ಸೋಮ್ನಿಯಾದ 8.0 ಆವೃತ್ತಿ ಬಂದಾಗ ಖಾತೆಯಿಲ್ಲದೆ ಹೆಚ್ಚಿನ ಕೆಲಸ ನಡೆಯದಂತಾಯಿತು. ಬಳಕೆದಾರರು ಬಲವಾಗಿ ಆಕ್ಷೇಪಿಸಿದ ಮೇಲೆ ಸ್ವಂತ ಯಂತ್ರದಲ್ಲೇ ಉಳಿಸುವ ಆಯ್ಕೆ ಮರಳಿತು. ಅದೇ ವರ್ಷ ಪೋಸ್ಟ್‌ಮ್ಯಾನ್ ಕೂಡ ಖಾತೆಯಿಲ್ಲದೆ ಬಳಸಬಹುದಾಗಿದ್ದ ತನ್ನ ಸ್ಕ್ರ್ಯಾಚ್ ಪ್ಯಾಡನ್ನು ನಿಲ್ಲಿಸಿತು. ಬ್ರೂನೋದಲ್ಲಿ ಖಾತೆಯೇ ಬೇಡ. ಪ್ರತಿ ಚೀಟಿಯೂ ನಮ್ಮ ಕಂಪ್ಯೂಟರಿನಲ್ಲಿ, ನಾವೇ ಆರಿಸಿದ ಫೋಲ್ಡರಿನಲ್ಲಿ, ಒಂದು ಸಣ್ಣ ಪಠ್ಯ ಕಡತವಾಗಿ ಉಳಿಯುತ್ತದೆ.

ಇದರಿಂದ ನಮಗೇನು? ನೋಡಿ, ವಿಕಿಸೋರ್ಸ್‌ಗೆ ಕಳುಹಿಸುವ ಚೀಟಿಯಲ್ಲಿ ಗುಟ್ಟು ಏನೂ ಇಲ್ಲ. ಆದರೆ ಧ್ವನಿಯನ್ನು ಬರಹ ಮಾಡುವ, ಅನುವಾದಿಸುವ ಸೇವೆಗಳಿಗೂ ಎಪಿಐ ಉಂಟು. ಭಾರತ ಸರಕಾರದ ಭಾಷಿಣಿಯೂ ಅಂಥದೇ. ಅಲ್ಲಿಗೆ ಹೋಗುವ ಚೀಟಿಯೊಳಗೆ ಒಬ್ಬ ಅಜ್ಜಿಯ ಮಾತೇ ಇರುತ್ತದೆ. ಗಡಿನಾಡಿನ ಹಿರಿಯರು 1956ರ ರಾಜ್ಯ ವಿಂಗಡಣೆಯ ದಿನಗಳನ್ನು ನೆನೆದು ಮಾತನಾಡುವಾಗ ಮನೆಯ ಹೆಸರು, ಜಾಗದ ತಕರಾರು, ನೆಂಟರ ಜಗಳ, ಶಾಲೆಯ ಭಾಷೆಯ ಬಗ್ಗೆ ಕಟುವಾದ ಅಭಿಪ್ರಾಯ ಎಲ್ಲವೂ ಬರುತ್ತದೆ. ಅವರು ಅದನ್ನು ಹೇಳುವುದು ಎದುರಿಗೆ ಕೂತ ನಮ್ಮನ್ನು ನಂಬಿ. ಚೀಟಿ ಪರೀಕ್ಷಿಸುವ ಮೇಜಿನ ಮಾಲೀಕನಿಗೂ ಅದರ ಪ್ರತಿ ಹೋಗಲಿ ಎಂದು ಅವರು ಒಪ್ಪಿದ್ದಾರಾ? ಇಲ್ಲ ಅಲ್ವಾ?

ಪಠ್ಯ ಕಡತ ಎಂಬುದರಲ್ಲಿ ಇನ್ನೊಂದು ಲಾಭ ಉಂಟು, ಅದು ಕನ್ನಡದವರಿಗೆ ಬೇಗ ಅರ್ಥವಾಗುತ್ತದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಬೇರೆ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳನ್ನು ಈಗ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆ ಫಾಂಟು ಬೇಕು, ಇಲ್ಲವೇ ಪರಿವರ್ತಕ ಬೇಕು. ಸಾಮಗ್ರಿ ನಮ್ಮದಾದರೂ ಬೀಗ ಬೇರೆಯವರದು. ಬ್ರೂನೋದ ಕಡತವನ್ನು ಸಾಮಾನ್ಯ ನೋಟ್‌ಪ್ಯಾಡಿನಲ್ಲಿ ತೆರೆದರೂ ವಿಳಾಸ, ಹುಡುಕಿದ ಪದ, ಸೂಚನೆ ಎಲ್ಲ ಓದಲು ಸಿಗುತ್ತದೆ. ನಾಳೆ ಬ್ರೂನೋವೇ ಇಲ್ಲವಾದರೂ ನನ್ನ ಪ್ರಬಂಧದ ಪರೀಕ್ಷಕರು ನಾನು ಯಾವ ಪ್ರಶ್ನೆ ಕೇಳಿ ಆ ಉತ್ತರ ಪಡೆದೆ ಎಂದು ನೋಡಬಹುದು. ಗಿಟ್‌ನಲ್ಲಿ ಇಟ್ಟರೆ ಯಾವ ದಿನ ಯಾವ ಪದ ಬದಲಾಯಿತು ಎಂಬುದೂ ಸಿಗುತ್ತದೆ. ಹಸ್ತಪ್ರತಿಗಳ ಪಾಠಾಂತರ ಗುರುತಿಸುವವರಿಗೆ ಇದು ಹೊಸ ವಿಚಾರವೇನಲ್ಲ.

ಆದರೆ ಬ್ರೂನೋ ಹಾಕಿಕೊಂಡ ಕೂಡಲೇ ಎಲ್ಲ ಭದ್ರವಾಯಿತು ಎಂದು ತಿಳಿಯಬಾರದು. ಅದು ಕಾಪಾಡುವುದು ಮೇಜಿನ ಮಾಲೀಕನಿಂದ ಮಾತ್ರ, ಕೌಂಟರಿನಿಂದ ಅಲ್ಲ. ಧ್ವನಿಯನ್ನು ಯಾವ ಸೇವೆಗೆ ಕಳುಹಿಸುತ್ತೇವೋ ಅದಕ್ಕೆ ಅದು ಪೂರ್ತಿ ತಲುಪುತ್ತದೆ. ಆ ಸೇವೆ ಅದನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತದೆ ಎಂಬುದನ್ನು ಅದರ ನಿಯಮಗಳಲ್ಲಿ ಓದಬೇಕು. ಹಾಗೆಯೇ, ಕಡತ ನಮ್ಮ ಕೈಯಲ್ಲಿದೆ ಎಂದರೆ ಹೊಣೆಯೂ ನಮ್ಮದೇ. ಕೀಲಿಯನ್ನು ಚೀಟಿಯಲ್ಲೇ ಬರೆದು ಆ ಫೋಲ್ಡರನ್ನು ಸಾರ್ವಜನಿಕ ಗಿಟ್ ಭಂಡಾರಕ್ಕೆ ಏರಿಸಿದರೆ ಕೀಲಿ ಊರಿಗೆಲ್ಲ ಸಿಕ್ಕಿತು. ಮುಂದೆ ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ಕೀಲಿಯನ್ನು 'ಗುಪ್ತ' ಎಂದು ಗುರುತಿಸಿ ಚೀಟಿಯಿಂದ ಹೊರಗಿಡುವ ವ್ಯವಸ್ಥೆ ಬ್ರೂನೋದಲ್ಲಿದೆ. ಆದರೆ ಅಜ್ಜಿಯ ಮಾತನ್ನು ಹಾಗೆ ಗುರುತಿಸಲು ಗುಂಡಿ ಇಲ್ಲ, ಅದನ್ನು ನಾವೇ ನೋಡಿಕೊಳ್ಳಬೇಕು.

ಆದ್ದರಿಂದ ನನ್ನ ಸಲಹೆ ಇಷ್ಟೇ. ಪರೀಕ್ಷೆ ಮಾಡುವಾಗ ಕ್ಷೇತ್ರದ ಧ್ವನಿಮುದ್ರಣ ಹಾಕುವುದು ಬೇಡ. ನಮ್ಮದೇ ಧ್ವನಿಯಲ್ಲಿ ನಾಲ್ಕು ವಾಕ್ಯ ಓದಿ, ಅದನ್ನು ಕಳುಹಿಸಿ ನೋಡುವ. ಚೀಟಿ ಸರಿಯಾದ ಮೇಲೆ, ಮಾತು ಕೊಟ್ಟವರ ಹತ್ತಿರ ಒಪ್ಪಿಗೆ ಕೇಳುವಾಗ 'ಇದನ್ನು ಬರಹ ಮಾಡಲು ಹೊರಗಿನ ಕಂಪ್ಯೂಟರಿಗೆ ಕಳುಹಿಸುತ್ತೇವೆ, ಆಗಬಹುದಾ?' ಎಂದು ಅವರ ಮಾತಿನಲ್ಲೇ ಕೇಳುವ. ಬೇಡ ಎಂದರೆ ಕಿವಿಗೆ ಹೆಡ್‌ಫೋನ್ ಹಾಕಿ ಕೈಯಲ್ಲೇ ಬರೆದುಕೊಳ್ಳುವ.